ಪಾಸ್‌ವರ್ಡ್ ಸರಿಯಿದ್ದರೂ ಕಂಪ್ಯೂಟರ್‌ನಲ್ಲಿ ಮೇಲ್ ತೆರೆಯುತ್ತಿಲ್ಲವೇ? ಹಳೆಯ ಪತ್ರ ಕಳೆದುಕೊಳ್ಳದೆ ಹೊಸದಾಗಿ ಜೋಡಿಸುವುದು ಹೀಗೆ

ಕೋಲ್ಕತ್ತಾ: ದಕ್ಷಿಣ ಕೋಲ್ಕತ್ತಾದ ರಾಸ್‌ಬಿಹಾರಿ ಅವೆನ್ಯೂ ಪಕ್ಕದ ಲೇಕ್ ಮಾರ್ಕೆಟ್ ಎಂದರೆ ಆ ಊರಿನ ದಕ್ಷಿಣ ಭಾರತೀಯರಿಗೆ ಅರ್ಧ ತವರುಮನೆ ಇದ್ದಂತೆ. ಬಾಳೆ ಎಲೆ, ಮಲ್ಲಿಗೆ ಮೊಗ್ಗು, ಕರಿಬೇವು, ಇಡ್ಲಿ ಅಕ್ಕಿ, ಫಿಲ್ಟರ್ ಕಾಫಿ ಪುಡಿ ಎಲ್ಲವೂ ಇಲ್ಲಿ ಸಿಗುತ್ತವೆ. ತಮಿಳರ ಸಂಖ್ಯೆಯೇ ಹೆಚ್ಚಾದರೂ, ಬ್ಯಾಂಕ್, ರೈಲ್ವೆ, ಕೇಂದ್ರ ಸರ್ಕಾರಿ ಕಚೇರಿಗಳಿಗೆ ವರ್ಗವಾಗಿ ಬಂದ ಕನ್ನಡಿಗರೂ ಹಬ್ಬದ ಸಾಮಾನಿಗೆ ಹುಡುಕಿಕೊಂಡು ಬರುವುದು ಇದೇ ಬೀದಿಗಳಿಗೆ. ಹಳೆಯ ಮಾರುಕಟ್ಟೆ ಕಟ್ಟಡ ಹೋಗಿ ಆ ಜಾಗದಲ್ಲಿ ಲೇಕ್ ಮಾಲ್ ಎದ್ದಿದೆ. ಸುತ್ತಲಿನ ಚಿಕ್ಕಪುಟ್ಟ ವ್ಯಾಪಾರ ಮಾತ್ರ ನಿಂತಿಲ್ಲ.

ಇಂಥ ಕಡೆ ಮೂವತ್ತು ವರ್ಷದಿಂದ ನಡೆಯುತ್ತಿರುವ ಒಂದು ಕಾಫಿ ಪುಡಿ ಅಂಗಡಿಯನ್ನು ಊಹಿಸಿಕೊಳ್ಳಿ. ಗಲ್ಲಾ ಪಕ್ಕದಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್. ಚಿಕ್ಕಮಗಳೂರಿನಿಂದ ಬರುವ ಬೀಜದ ಬಿಲ್ಲು, ಲಾರಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಡಿಟರ್ ಕಳಿಸುವ ಕಾಗದ, ಎಲ್ಲವೂ ಆ ಕಂಪ್ಯೂಟರ್‌ನ ಮೇಲ್ ತಂತ್ರಾಂಶಕ್ಕೇ ಬಂದು ಬೀಳುತ್ತವೆ. ಒಂದು ಬೆಳಗ್ಗೆ ಅದು ಮೇಲ್ ತರುವುದನ್ನೇ ನಿಲ್ಲಿಸುತ್ತದೆ. 'ಪಾಸ್‌ವರ್ಡ್ ಸ್ವೀಕೃತವಾಗಿಲ್ಲ' ಎಂಬ ಸಂದೇಶ ಮತ್ತೆ ಮತ್ತೆ ಬರುತ್ತದೆ. ಅದೇ ಪಾಸ್‌ವರ್ಡ್ ಹಾಕಿದರೆ ಮೊಬೈಲ್‌ನಲ್ಲಿ, ಬ್ರೌಸರ್‌ನಲ್ಲಿ ಮೇಲ್ ಸಲೀಸಾಗಿ ತೆರೆಯುತ್ತದೆ! ಹಾಗಾದರೆ ತಪ್ಪು ಎಲ್ಲಿದೆ?

ಕೋಲ್ಕತ್ತಾದಲ್ಲಿರಲಿ, ಕಾಸರಗೋಡಿನಲ್ಲಿರಲಿ, ದಾವಣಗೆರೆಯಲ್ಲಿರಲಿ, ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಮೇಲ್ ನೋಡುವ ಸಣ್ಣ ವ್ಯಾಪಾರಿಗಳು ಮತ್ತು ಸಂಘ ಸಂಸ್ಥೆಗಳಿಗೆ ಎದುರಾಗುವ ಪ್ರಶ್ನೆ ಇದು. ಹೆಚ್ಚಿನವರು ಆ ಗಾಬರಿಯಲ್ಲಿ ಮೊದಲು ಮಾಡುವ ಕೆಲಸವೆಂದರೆ ತಂತ್ರಾಂಶದಿಂದ ಹಳೆಯ ಖಾತೆಯನ್ನು ತೆಗೆದುಹಾಕಿ ಹೊಸದಾಗಿ ಸೇರಿಸುವುದು. ವರ್ಷಗಟ್ಟಲೆಯ ಪತ್ರಗಳು ಮಾಯವಾಗುವುದು ಬಹುತೇಕ ಆ ಕ್ಷಣದಲ್ಲೇ.

ಬದಲಾಗಿದ್ದು ಪಾಸ್‌ವರ್ಡ್ ಅಲ್ಲ, ನಿಯಮ

ಮೊದಲೆಲ್ಲ ಮೇಲ್ ತಂತ್ರಾಂಶಕ್ಕೆ ನಿಮ್ಮ ವಿಳಾಸ ಮತ್ತು ಪಾಸ್‌ವರ್ಡ್ ಕೊಟ್ಟರೆ ಸಾಕಿತ್ತು. ಅದು ಪ್ರತಿ ಸಲ ಆ ಪಾಸ್‌ವರ್ಡನ್ನೇ ಸರ್ವರ್‌ಗೆ ಕಳಿಸಿ ಒಳಗೆ ಹೋಗುತ್ತಿತ್ತು. ಕದ್ದ ಪಾಸ್‌ವರ್ಡ್ ಹಿಡಿದು ಖಾತೆಗೆ ನುಗ್ಗುವವರಿಗೂ ಇದೇ ಸುಲಭದ ಬಾಗಿಲಾಯಿತು. ಮೊಬೈಲ್‌ಗೆ ಬರುವ ಎರಡನೇ ಹಂತದ ಪರಿಶೀಲನೆ ಈ ಬಾಗಿಲಲ್ಲಿ ಇರಲೇ ಇಲ್ಲ.

ಹಾಗಾಗಿ ದೊಡ್ಡ ಕಂಪನಿಗಳು ಒಂದೊಂದಾಗಿ ಈ ಬಾಗಿಲು ಮುಚ್ಚಿದವು. ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಜಿಮೇಲ್ ಖಾತೆಗಳಿಗೆ ಬರೀ ಪಾಸ್‌ವರ್ಡ್‌ನ ಪ್ರವೇಶವನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಕಚೇರಿ ಗ್ರಾಹಕರಿಗೆ 2022ರ ಅಕ್ಟೋಬರ್‌ನಿಂದ, ಔಟ್‌ಲುಕ್ ಮತ್ತು ಹಾಟ್‌ಮೇಲ್‌ನ ವೈಯಕ್ತಿಕ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಇದೇ ನಿಯಮ ತಂದಿತು. ಗೂಗಲ್ ವರ್ಕ್‌ಸ್ಪೇಸ್ ಬಳಸುವ ಕಂಪನಿಗಳ ಸರದಿ 2025ರಲ್ಲಿ ಬಂತು. ಅಂದರೆ ಅಂಗಡಿಯ ಕಂಪ್ಯೂಟರ್ 'ಪಾಸ್‌ವರ್ಡ್ ತಪ್ಪು' ಎಂದು ಹೇಳುವಾಗ ಅದರ ನಿಜವಾದ ಅರ್ಥ 'ಈ ರೀತಿ ಪಾಸ್‌ವರ್ಡ್ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ' ಎಂದು. ಸಂದೇಶವನ್ನು ಹಾಗೆಯೇ ಬರೆದಿದ್ದರೆ ಎಷ್ಟೋ ಜನರ ತಲೆನೋವು ತಪ್ಪುತ್ತಿತ್ತು.

ಸ್ವಂತ ಡೊಮೇನ್ ಹೆಸರಿನ ಮೇಲ್ ಇಟ್ಟುಕೊಂಡವರಿಗೆ ಇನ್ನೊಂದು ಸಮಸ್ಯೆ ಬಂದಿದೆ. ಅಂಗಡಿಯ ಹೆಸರಿನಲ್ಲೇ ವಿಳಾಸ ಮಾಡಿಸಿ, ಆ ಮೇಲ್ ತಾನಾಗಿಯೇ ಜಿಮೇಲ್‌ಗೆ ಬಂದು ಬೀಳುವಂತೆ ವ್ಯವಸ್ಥೆ ಮಾಡಿಕೊಂಡವರು ಬಹಳ. ಬೇರೆ ಸರ್ವರ್‌ನಿಂದ ಪಾಪ್ ಮೂಲಕ ಮೇಲ್ ಎಳೆದು ತರುವ ಈ ಸೌಲಭ್ಯವನ್ನು 2026ರಲ್ಲಿ ಜಿಮೇಲ್ ಕೈಬಿಡುವುದಾಗಿ ಗೂಗಲ್ ಪ್ರಕಟಿಸಿದೆ. ಜಿಮೇಲ್‌ಗೆ ಬರುತ್ತಿತ್ತಲ್ಲ ಎಂದು ಸುಮ್ಮನಿದ್ದವರು ಈಗ ಒಂದೋ ಹೋಸ್ಟಿಂಗ್ ಕಂಪನಿಯ ಕಡೆಯಿಂದ ಫಾರ್ವರ್ಡ್ ಹಾಕಿಸಬೇಕು, ಇಲ್ಲವೇ ಕಂಪ್ಯೂಟರ್‌ನ ಮೇಲ್ ತಂತ್ರಾಂಶಕ್ಕೆ ಮರಳಬೇಕು.

ಒಂದೆರಡು ದಿನ ಮೇಲ್ ಬಾರದಿದ್ದರೆ ಏನಾದೀತು ಎನ್ನುವ ಹಾಗಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ರಿಟರ್ನ್ ದೃಢೀಕರಿಸುವ ಒಟಿಪಿ ನೋಂದಾಯಿತ ಮೊಬೈಲ್ ಜೊತೆಗೆ ನೋಂದಾಯಿತ ಇಮೇಲ್‌ಗೂ ಹೋಗುತ್ತದೆ. ಇಲಾಖೆಯ ಸಂದೇಶಗಳೂ ಅದೇ ವಿಳಾಸಕ್ಕೆ ಬರುತ್ತವೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳಬೇಕು. ಆರು ವರ್ಷದ ಬಿಲ್ಲುಗಳು ಮೇಲ್‌ನಲ್ಲಿ ಮಾತ್ರ ಇದ್ದರೆ, ಆ ಮೇಲ್ ಎಲ್ಲಿದೆ ಎಂಬುದು ಮಾಲೀಕನಿಗೆ ಗೊತ್ತಿರಲೇಬೇಕು.

ಮೇಲ್ ಇರುವುದು ಎಲ್ಲಿ?

ಇಡೀ ವಿಷಯದ ಗುಟ್ಟು ಈ ಪ್ರಶ್ನೆಯಲ್ಲಿದೆ. ಮೇಲ್ ತಂತ್ರಾಂಶ ಎಂದರೆ ಪತ್ರ ತಂದುಕೊಡುವ ಮತ್ತು ಒಯ್ಯುವ ಆಳು ಅಷ್ಟೆ. ಪತ್ರಗಳ ಉಗ್ರಾಣ ಇರುವುದು ಸರ್ವರ್‌ನಲ್ಲಿ. ಅಲ್ಲಿಂದ ಪತ್ರ ತರಲು ಎರಡು ಪದ್ಧತಿಗಳಿವೆ. ಒಂದರ ಹೆಸರು ಪಾಪ್, ಇನ್ನೊಂದು ಐಮ್ಯಾಪ್. ಪತ್ರ ಕಳಿಸುವುದಕ್ಕೆ ಮಾತ್ರ ಒಂದೇ ಪದ್ಧತಿ, ಅದು ಎಸ್‌ಎಂಟಿಪಿ.

ಪಾಪ್ ಯಾಕೆ ಹುಟ್ಟಿತು ಎಂದು ತಿಳಿಯಲು ಹಳೆಯ ಡಯಲ್-ಅಪ್ ದಿನಗಳನ್ನು ನೆನೆಯಬೇಕು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಮೊದಲು ಸಂಪರ್ಕ ಸಿಕ್ಕ ನಗರಗಳಲ್ಲಿ ಕೋಲ್ಕತ್ತಾ ಕೂಡ ಒಂದು. ಐಟಿ ರಾಜಧಾನಿ ಎಂದು ಬೀಗುವ ಬೆಂಗಳೂರಿನ ಸರದಿ ಬಂದಿದ್ದು ಆಮೇಲೆ. ಅಂದಿನ ಕೋಲ್ಕತ್ತಾ ಗ್ರಾಹಕರ ವಿಳಾಸಗಳಲ್ಲಿ @ ಗುರುತಿನ ಮುಂದೆ 'ಜಿಐಎಎಸ್‌ಸಿಎಲ್01' ಎಂಬ ನಾಲಿಗೆ ತಿರುಗದ ಸರ್ವರ್ ಹೆಸರು ಇರುತ್ತಿತ್ತು. ಫೋನ್ ಲೈನ್ ಮೂಲಕ ಸಂಪರ್ಕ, ನಿಮಿಷ ನಿಮಿಷಕ್ಕೂ ದುಡ್ಡು. ಹಾಗಾಗಿ ಡಯಲ್ ಮಾಡು, ಬಂದ ಪತ್ರಗಳನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿಕೋ, ಫೋನ್ ಇಡು, ಆಮೇಲೆ ನಿಧಾನವಾಗಿ ಓದು ಎಂಬುದೇ ಜಾಣತನ. ಪಾಪ್ ಮಾಡುವುದು ಇದನ್ನೇ. ಪತ್ರ ಇಳಿದ ಮೇಲೆ ಸರ್ವರ್‌ನಲ್ಲಿರುವ ಪ್ರತಿ ಅಳಿದುಹೋಗುವುದು ಅಂದಿನ ರೂಢಿ. ಸರ್ವರ್‌ನಲ್ಲಿ ಜಾಗವೂ ಕಡಿಮೆ ಇತ್ತಲ್ಲ!

ಐಮ್ಯಾಪ್ ಇದಕ್ಕೆ ತದ್ವಿರುದ್ಧ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಕಂಪ್ಯೂಟರ್, ಮೊಬೈಲ್, ಲ್ಯಾಪ್‌ಟಾಪ್ ಎಲ್ಲವೂ ಅದೇ ಉಗ್ರಾಣದೊಳಗೆ ಇಣುಕಿ ನೋಡುತ್ತವೆ. ಅಂಗಡಿಯಲ್ಲಿ ಓದಿದ ಪತ್ರ ಮನೆಯಲ್ಲಿ ಮೊಬೈಲ್ ತೆರೆದಾಗಲೂ 'ಓದಿದ್ದು' ಎಂದೇ ಕಾಣುತ್ತದೆ. ಇಲ್ಲಿ ಮಾಡಿದ ಫೋಲ್ಡರ್ ಅಲ್ಲೂ ಇರುತ್ತದೆ. ಅಂದಿನ ಕಾಲಕ್ಕೆ ಅದು ದುಬಾರಿ ಐಷಾರಾಮ, ಇಂದು ಅದೇ ಸಹಜ.

ಈಗ ಲೇಕ್ ಮಾರ್ಕೆಟ್‌ನ ಆ ಊಹೆಯ ಅಂಗಡಿಗೆ ಹಿಂತಿರುಗೋಣ. ಅಲ್ಲಿ 2008ರ ಸುಮಾರಿಗೆ ಯಾರೋ ಪರಿಚಯದ ಹುಡುಗ ಪಾಪ್‌ನಲ್ಲಿ ಮೇಲ್ ಜೋಡಿಸಿಕೊಟ್ಟು ಹೋಗಿದ್ದ ಎಂದಿಟ್ಟುಕೊಳ್ಳಿ. ಅದು ಜಿಮೇಲ್ ಆಗಿದ್ದರೆ ಅಷ್ಟು ಚಿಂತೆಯಿಲ್ಲ. ಪಾಪ್‌ನಲ್ಲಿ ಇಳಿಸಿಕೊಂಡರೂ ತನ್ನ ಪ್ರತಿಯನ್ನು ಇನ್‌ಬಾಕ್ಸ್‌ನಲ್ಲೇ ಇಟ್ಟುಕೊಳ್ಳುವ ಆಯ್ಕೆ ಜಿಮೇಲ್‌ನಲ್ಲಿದೆ, ಸಾಮಾನ್ಯವಾಗಿ ಅದೇ ಚಾಲ್ತಿಯಲ್ಲಿರುತ್ತದೆ. ಆದರೆ ಸ್ವಂತ ಡೊಮೇನ್‌ನ ಮೇಲ್ ಆಗಿದ್ದು, 'ಸರ್ವರ್‌ನಲ್ಲಿ ಪ್ರತಿ ಉಳಿಸು' ಎಂಬ ಚೌಕಕ್ಕೆ ಟಿಕ್ ಹಾಕಿರದಿದ್ದರೆ, ಅಷ್ಟೂ ವರ್ಷದ ಪತ್ರಗಳು ಜಗತ್ತಿನಲ್ಲಿ ಇರುವುದು ಒಂದೇ ಕಡೆ. ಅದು ಗಲ್ಲಾ ಪಕ್ಕದ ಆ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್. ಖಾತೆ ಅಳಿಸಿದರೆ, ವಿಂಡೋಸ್ ಹೊಸದಾಗಿ ಹಾಕಿಸಿದರೆ, ಕಂಪ್ಯೂಟರನ್ನು ಹಳೆಯ ಸಾಮಾನಿಗೆ ಕೊಟ್ಟರೆ ಪತ್ರಗಳೂ ಅದರ ಜೊತೆಗೇ ಹೋದವು. ಬ್ರೌಸರ್‌ನಲ್ಲಿ ಹುಡುಕಿದರೆ ಖಾಲಿ ಇನ್‌ಬಾಕ್ಸ್ ಕಾಣುತ್ತದೆ ಅಷ್ಟೆ.

ಐಮ್ಯಾಪ್‌ಗೂ ತನ್ನದೇ ಅಪಾಯವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಎಲ್ಲ ಕಡೆ ಕಾಣುವುದು ಒಂದೇ ಉಗ್ರಾಣವಾದ್ದರಿಂದ, ಜಾಗ ಮಾಡಲೆಂದು ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಅಳಿಸಿದರೆ ಮೊಬೈಲ್‌ನಿಂದಲೂ ಸರ್ವರ್‌ನಿಂದಲೂ ಅದು ಹೋಗುತ್ತದೆ. ಐಮ್ಯಾಪ್ ಇದೆ ಎಂದ ಮಾತ್ರಕ್ಕೆ ಬ್ಯಾಕಪ್ ಇದೆ ಎಂದಲ್ಲ.

ಮುಟ್ಟುವ ಮೊದಲು ಪ್ರತಿ ತೆಗೆಯಿರಿ

ಆದ್ದರಿಂದ ಸೆಟ್ಟಿಂಗ್ಸ್‌ಗೆ ಕೈಹಾಕುವ ಮೊದಲು ಒಂದು ಕೆಲಸ. ಮೇಲ್ ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಅದು ಪತ್ರ ಇಟ್ಟಿರುವ ಫೈಲನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲು ಮಾಡಿ. ಔಟ್‌ಲುಕ್‌ನಲ್ಲಿ ಇದು ಪಿಎಸ್‌ಟಿ ಎಂಬ ಹೆಸರಿನ ಫೈಲ್. ಹಳೆಯ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಡಿಬಿಎಕ್ಸ್ ಫೈಲ್‌ಗಳು, ಫೋಲ್ಡರ್‌ಗೊಂದರಂತೆ. ಥಂಡರ್‌ಬರ್ಡ್‌ನಲ್ಲಿ ಪ್ರೊಫೈಲ್ ಎಂಬ ಇಡೀ ಫೋಲ್ಡರ್. ಫೈಲ್ ಎಲ್ಲಿದೆ ಎಂದು ತಿಳಿಯದಿದ್ದರೆ ತಂತ್ರಾಂಶದ ಖಾತೆ ಸೆಟ್ಟಿಂಗ್ಸ್‌ನಲ್ಲೇ ಅದರ ದಾರಿ ಬರೆದಿರುತ್ತದೆ. ನಕಲು ಆದ ಮೇಲೆ ಅದರ ಗಾತ್ರ ಮೂಲದಷ್ಟೇ ಇದೆಯೇ ನೋಡಿ. ಇದಾಗುವವರೆಗೆ ರಿಪೇರಿಗೆ ಬಂದವರು ಎಷ್ಟೇ ಅವಸರ ಮಾಡಿದರೂ ಕಾಯಿಸಿ.

ಯಾವ ತಂತ್ರಾಂಶ ಎಂಬುದು ಮುಂದಿನ ಪ್ರಶ್ನೆ. ವಿಂಡೋಸ್ ಜೊತೆಗೇ ಬರುತ್ತಿದ್ದ 'ಮೇಲ್' ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ರಂದು ವಿದಾಯ ಹೇಳಿದೆ. ಅದರ ಜಾಗಕ್ಕೆ ಬಂದಿರುವುದು 'ಹೊಸ ಔಟ್‌ಲುಕ್'. ಉಚಿತವೇನೋ ಹೌದು, ಆದರೆ ಅದಕ್ಕೆ ಜಿಮೇಲ್ ಅಥವಾ ಬೇರೆ ಕಂಪನಿಯ ಖಾತೆ ಸೇರಿಸಿದರೆ ನಿಮ್ಮ ಮೇಲ್‌ನ ಪ್ರತಿ ಮೈಕ್ರೋಸಾಫ್ಟ್ ಕ್ಲೌಡ್‌ಗೂ ಸಿಂಕ್ ಆಗುತ್ತದೆ. ಖಾತೆ ಸೇರಿಸುವಾಗ ಪರದೆಯ ಮೇಲೆ ಇದನ್ನು ಅದು ಹೇಳುತ್ತದೆ. 'ಮುಂದುವರಿಸಿ' ಒತ್ತುವ ಭರದಲ್ಲಿ ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು. ವ್ಯಾಪಾರದ ಕಾಗದಪತ್ರ ಮೂರನೆಯ ಕಂಪನಿಯ ಕೈಗೆ ಹೋಗುವುದು ಬೇಡ ಎನ್ನುವವರಿಗೆ ಥಂಡರ್‌ಬರ್ಡ್ ವಾಸಿ. 2004ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಂದ ಈ ತಂತ್ರಾಂಶ ಉಚಿತ, ಮುಕ್ತ. ಅದು ಕಂಪ್ಯೂಟರ್‌ನಿಂದ ನೇರವಾಗಿ ಮೇಲ್ ಸರ್ವರ್ ಜೊತೆಗೇ ಮಾತಾಡುತ್ತದೆ. ಈಗಿನ ಆವೃತ್ತಿಗೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು.

ಜೋಡಿಸುವುದು ಹೇಗೆ?

ಜಿಮೇಲ್ ಆದರೆ ಕೆಲಸ ಹತ್ತು ನಿಮಿಷದ್ದು. ಥಂಡರ್‌ಬರ್ಡ್ ತೆರೆದು ಹೆಸರು ಮತ್ತು ಇಮೇಲ್ ವಿಳಾಸ ಕೊಟ್ಟರೆ ಸರ್ವರ್‌ನ ವಿವರಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್, ಪಾಪ್ ಎರಡನ್ನೂ ತೋರಿಸಿದಾಗ ಐಮ್ಯಾಪ್ ಆರಿಸಿ. ಆಗ ಗೂಗಲ್‌ನದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್, ಮೊಬೈಲ್‌ನ ದೃಢೀಕರಣ ಎಲ್ಲವೂ ಆ ಪುಟದಲ್ಲೇ. ನಂತರ ಥಂಡರ್‌ಬರ್ಡ್‌ಗೆ ಅನುಮತಿ ಕೊಡುತ್ತೀರಾ ಎಂದು ಕೇಳುತ್ತದೆ, ಒಪ್ಪಿದರೆ ಮುಗಿಯಿತು. ಈ ಪದ್ಧತಿಯ ಹೆಸರು ಓಆಥ್. ಇದರಲ್ಲಿ ನಿಮ್ಮ ಪಾಸ್‌ವರ್ಡ್ ತಂತ್ರಾಂಶದ ಕೈಗೆ ಸಿಗುವುದೇ ಇಲ್ಲ. ಬದಲಿಗೆ ಗೂಗಲ್ ಅದಕ್ಕೊಂದು ಗುರುತಿನ ಚೀಟಿ ಕೊಡುತ್ತದೆ. ಬೇಡವೆನಿಸಿದ ದಿನ ಗೂಗಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ಆ ಚೀಟಿಯನ್ನು ರದ್ದು ಮಾಡಬಹುದು. ಔಟ್‌ಲುಕ್, ಹಾಟ್‌ಮೇಲ್ ಖಾತೆಗೂ ಇದೇ ದಾರಿ. ಅಂದಹಾಗೆ, ಮೇಲ್ ತಂತ್ರಾಂಶವೇ ಬೇಡ, ಬ್ರೌಸರ್ ಸಾಕು ಎಂದು 1996ರಲ್ಲೇ ಹಾಟ್‌ಮೇಲ್ ತಂದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಶಾಲೆ ಕಲಿತದ್ದು ಬೆಂಗಳೂರಿನಲ್ಲಿ.

ಓಆಥ್ ಗೊತ್ತಿಲ್ಲದ ಹಳೆಯ ತಂತ್ರಾಂಶವನ್ನೇ ಬಳಸಬೇಕಾದವರಿಗೆ ಗೂಗಲ್ 'ಆ್ಯಪ್ ಪಾಸ್‌ವರ್ಡ್' ಎಂಬ ಇನ್ನೊಂದು ದಾರಿ ಇಟ್ಟಿದೆ. ಇದಕ್ಕೆ ಮೊದಲು ಖಾತೆಗೆ ಎರಡು ಹಂತದ ಪರಿಶೀಲನೆ ಚಾಲೂ ಇರಬೇಕು. ಆಮೇಲೆ ಗೂಗಲ್ 16 ಅಕ್ಷರಗಳ ಒಂದು ಗುಪ್ತಪದ ಕೊಡುತ್ತದೆ. ಮೇಲ್ ತಂತ್ರಾಂಶ ಪಾಸ್‌ವರ್ಡ್ ಕೇಳಿದಾಗ ನಿಮ್ಮ ಮಾಮೂಲಿ ಪಾಸ್‌ವರ್ಡ್ ಬದಲು ಇದನ್ನು ಹಾಕಬೇಕು. ಒಮ್ಮೆ ಮಾತ್ರ ತೋರಿಸುತ್ತದೆ, ಮರೆತರೆ ಅದನ್ನು ತೆಗೆದು ಇನ್ನೊಂದು ಮಾಡಿಕೊಳ್ಳಬೇಕು. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. 'ನಿನ್ನೆ ಸರಿಯಿತ್ತು, ಇವತ್ತು ಇಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಸ್ವಂತ ಡೊಮೇನ್‌ನ ಮೇಲ್‌ಗೆ ಮಾತ್ರ ವಿವರಗಳನ್ನು ಕೈಯಾರೆ ತುಂಬಬೇಕಾಗಬಹುದು. ಹೋಸ್ಟಿಂಗ್ ಕಂಪನಿಯಿಂದ ನಾಲ್ಕು ಸಂಗತಿ ಕೇಳಿಕೊಳ್ಳಬೇಕು: ಒಳಬರುವ ಸರ್ವರ್‌ನ ಹೆಸರು, ಹೊರಹೋಗುವ ಸರ್ವರ್‌ನ ಹೆಸರು, ಎರಡರ ಪೋರ್ಟ್ ಸಂಖ್ಯೆ, ಯಾವ ಬಗೆಯ ಭದ್ರತೆ ಎಂಬುದು. ಪೋರ್ಟ್ ಎಂದರೆ ಒಂದೇ ಕಟ್ಟಡದ ಬೇರೆ ಬೇರೆ ಕೌಂಟರ್‌ಗಳ ಸಂಖ್ಯೆ ಎಂದುಕೊಳ್ಳಿ. ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಪಾಪ್‌ಗೆ 995. ಕಳಿಸುವ ಎಸ್‌ಎಂಟಿಪಿಗೆ 465 ಅಥವಾ 587. ಜಿಮೇಲ್‌ಗೂ ಇವೇ ಸಂಖ್ಯೆಗಳು. ಅಲ್ಲಿ ಒಳಬರುವ ಸರ್ವರ್ 'ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್', ಹೊರಹೋಗುವುದು 'ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್', ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ.

ಹೆಚ್ಚು ಎಡವುವುದು ಪೋರ್ಟ್ ಮತ್ತು ಭದ್ರತೆಯ ಜೋಡಿಯಲ್ಲಿ. 465 ಹಾಕಿದರೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಬೇಕು, 587 ಹಾಕಿದರೆ ಸ್ಟಾರ್ಟ್‌ಟಿಎಲ್‌ಎಸ್. ಅದಲುಬದಲಾದರೆ ತಪ್ಪು ಎಂದು ಹೇಳದೆಯೇ ತಂತ್ರಾಂಶ ಸುಮ್ಮನೆ ತಿರುಗುತ್ತಾ ಕೂರಬಹುದು. ಹಳೆಯ ಕೈಪಿಡಿ ನೋಡಿ 25 ಎಂಬ ಪೋರ್ಟ್ ಹಾಕಿದವರಿಗೆ ಮೇಲ್ ಬರುತ್ತದೆ, ಹೋಗುವುದಿಲ್ಲ. ಸ್ಪ್ಯಾಮ್ ಹಾವಳಿಯಿಂದಾಗಿ ಅನೇಕ ಇಂಟರ್‌ನೆಟ್ ಸೇವಾ ಕಂಪನಿಗಳು ಮನೆ, ಅಂಗಡಿಗಳ ಸಂಪರ್ಕದಲ್ಲಿ ಆ ಪೋರ್ಟನ್ನು ತಡೆದಿರುತ್ತವೆ. ಮೇಲ್ ಬರುತ್ತದೆ ಆದರೆ ಹೋಗುವುದಿಲ್ಲ ಎಂಬ ದೂರಿಗೆ ಇನ್ನೊಂದು ಕಾರಣ, ಹೊರಹೋಗುವ ಸರ್ವರ್‌ಗೂ ಲಾಗಿನ್ ಬೇಕು ಎಂಬುದನ್ನು ಮರೆಯುವುದು. ಅಲ್ಲಿ 'ದೃಢೀಕರಣ ಬೇಡ' ಎಂದಿದ್ದರೆ ಸರ್ವರ್ ಪತ್ರ ಮುಟ್ಟುವುದಿಲ್ಲ. ಬಳಕೆದಾರ ಹೆಸರಿನಲ್ಲಿ @ ಗುರುತಿನ ಹಿಂದಿನ ಭಾಗ ಮಾತ್ರ ಬರೆಯುವುದೂ ಸಾಮಾನ್ಯ ತಪ್ಪು. ಬಹುತೇಕ ಕಡೆ ಪೂರ್ತಿ ವಿಳಾಸವೇ ಬೇಕು.

ಕಡಿಮೆ ಬೆಲೆಯ ಹೋಸ್ಟಿಂಗ್‌ನಲ್ಲಿ 'ಸರ್ಟಿಫಿಕೇಟ್ ಹೊಂದುತ್ತಿಲ್ಲ' ಎಂಬ ಎಚ್ಚರಿಕೆ ಬರಬಹುದು. ನೂರಾರು ಗ್ರಾಹಕರಿಗೆ ಒಂದೇ ಸರ್ವರ್ ಇರುವುದರಿಂದ ಸರ್ಟಿಫಿಕೇಟ್ ನಿಮ್ಮ ಡೊಮೇನ್ ಹೆಸರಿನಲ್ಲಿರದೆ ಹೋಸ್ಟಿಂಗ್ ಕಂಪನಿಯ ಹೆಸರಿನಲ್ಲಿರುತ್ತದೆ. ಕಣ್ಣುಮುಚ್ಚಿ 'ಒಪ್ಪಿಗೆ' ಒತ್ತಬೇಡಿ. ಕಂಪನಿಗೆ ಕೇಳಿ ಸರ್ವರ್‌ನ ನಿಜವಾದ ಹೆಸರು ಹಾಕಿದರೆ ಎಚ್ಚರಿಕೆ ತಾನಾಗಿಯೇ ಹೋಗುತ್ತದೆ. ಅಗ್ಗದ ಯೋಜನೆ ಕೊಳ್ಳುವ ಮೊದಲೇ ಐಮ್ಯಾಪ್ ಸೌಲಭ್ಯ ಇದೆಯೇ ಎಂದೂ ಕೇಳಿಕೊಳ್ಳಿ. ಉದಾಹರಣೆಗೆ, ಸ್ವಂತ ಡೊಮೇನ್‌ಗೆ ಜೊಹೊ ಮೇಲ್ ಕೊಡುವ ಉಚಿತ ಯೋಜನೆಯಲ್ಲಿ ಐಮ್ಯಾಪ್, ಪಾಪ್ ಎರಡೂ ಸಿಗುವುದಿಲ್ಲ. ಬ್ರೌಸರ್ ಅಥವಾ ಅವರದೇ ಆ್ಯಪ್‌ನಲ್ಲಿ ನೋಡಬೇಕು, ಇಲ್ಲವೇ ದುಡ್ಡು ಕೊಡಬೇಕು.

ಹಳೆಯ ಪತ್ರ ಹೊಸ ಮನೆಗೆ

ಪಾಪ್‌ನಲ್ಲಿ ಇಳಿಸಿಟ್ಟ ಹಳೆಯ ಪತ್ರಗಳನ್ನು ಸರ್ವರ್‌ಗೆ ಮರಳಿ ಹತ್ತಿಸುವ ದಾರಿಯಿದೆ. ಹಳೆಯ ಪಾಪ್ ಖಾತೆಯನ್ನು ತೆಗೆಯದೆ, ಅದೇ ತಂತ್ರಾಂಶದಲ್ಲಿ ಅದೇ ವಿಳಾಸವನ್ನು ಐಮ್ಯಾಪ್‌ನಲ್ಲಿ ಇನ್ನೊಮ್ಮೆ ಸೇರಿಸಿ. ಎಡಗಡೆ ಎರಡೂ ಖಾತೆಗಳು ಕಾಣುತ್ತವೆ. ಪಾಪ್ ಫೋಲ್ಡರ್‌ನ ಪತ್ರಗಳನ್ನು ಆರಿಸಿ ಐಮ್ಯಾಪ್ ಫೋಲ್ಡರ್‌ಗೆ ನಕಲು ಮಾಡಿದರೆ ಅವು ಸರ್ವರ್‌ಗೆ ಏರುತ್ತವೆ. 'ನಕಲು' ಎಂಬುದನ್ನು ಗಮನಿಸಿ. 'ಸ್ಥಳಾಂತರ' ಮಾಡಹೊರಟು ಅರ್ಧದಲ್ಲಿ ಕರೆಂಟ್ ಹೋದರೆ ಕಷ್ಟ.

ಒಂದೇ ದಿನಕ್ಕೆ ಹದಿನೈದು ವರ್ಷ ಏರಿಸಲು ಹೋಗಬೇಡಿ. ವರ್ಕ್‌ಸ್ಪೇಸ್ ಖಾತೆಗಳಲ್ಲಿ ಐಮ್ಯಾಪ್ ಮೂಲಕ ಏರಿಸುವುದಕ್ಕೆ ದಿನಕ್ಕೆ 500 ಎಂಬಿ ಎಂಬ ಮಿತಿಯನ್ನು ಗೂಗಲ್ ಇಟ್ಟಿದೆ. ಮೀರಿದರೆ ಖಾತೆ ಸ್ವಲ್ಪ ಹೊತ್ತು ಸ್ತಬ್ಧವಾಗಬಹುದು. ದಿನಕ್ಕೊಂದು ವರ್ಷದ ಫೋಲ್ಡರ್ ಎಂದು ಲೆಕ್ಕ ಇಟ್ಟುಕೊಂಡರೆ ನಿರಾಳ. ಉಚಿತ ಜಿಮೇಲ್‌ನ 15 ಜಿಬಿ ಜಾಗ ಡ್ರೈವ್ ಮತ್ತು ಗೂಗಲ್ ಫೋಟೋಸ್‌ಗೂ ಸೇರಿದ್ದು. ಮೊಮ್ಮಕ್ಕಳ ವಿಡಿಯೊಗಳಿಂದ ಅದು ತುಂಬಿದ್ದರೆ ಹೊಸ ಮೇಲ್ ಕೂಡ ವಾಪಸ್ ಹೋಗುತ್ತದೆ. ಹಳೆಯದನ್ನೆಲ್ಲ ಸರ್ವರ್‌ಗೆ ಏರಿಸಲೇಬೇಕೆಂದೂ ಇಲ್ಲ. ಥಂಡರ್‌ಬರ್ಡ್‌ನ 'ಲೋಕಲ್ ಫೋಲ್ಡರ್ಸ್'ನಲ್ಲಿಟ್ಟು, ಅದರ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇಟ್ಟುಕೊಂಡರೂ ಆಡಿಟರ್ ಕೇಳಿದ ದಿನ ಸಿಗುತ್ತದೆ.

ಹಳೆಯ ಕನ್ನಡ ಪತ್ರಗಳನ್ನು ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ಸರ್ವರನ್ನು ಬೈಯಬೇಡಿ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಪತ್ರ ಅವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೀಗೇ ಕಾಣುತ್ತವೆ. ಪಠ್ಯವನ್ನು ನಕಲು ಮಾಡಿ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಯುನಿಕೋಡ್‌ನಲ್ಲೇ ಬರೆದ ಪತ್ರವೂ ಕೆಟ್ಟು ಕಾಣುತ್ತಿದ್ದರೆ ಥಂಡರ್‌ಬರ್ಡ್‌ನ 'ವ್ಯೂ' ಮೆನುವಿನಲ್ಲಿ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಒತ್ತಿ ನೋಡಬಹುದು.

ಕಾರ್ಯದರ್ಶಿ ವರ್ಗವಾಗಿ ಹೋದರೆ?

ಹೊರನಾಡಿನ ಸಂಘಗಳ ಕಷ್ಟ ಅಂಗಡಿಯದ್ದಕ್ಕಿಂತ ಬೇರೆ. ರಾಜ್ಯೋತ್ಸವದ ಆಹ್ವಾನ, ಸದಸ್ಯರ ಪಟ್ಟಿ, ದೇಣಿಗೆಯ ರಸೀದಿ, ಸಭಾಂಗಣದ ಬಾಡಿಗೆ ವ್ಯವಹಾರ ಎಲ್ಲ ಇರುವ ಒಂದು ಜಿಮೇಲ್ ಖಾತೆಯನ್ನು ಯಾವುದೋ ವರ್ಷದ ಕಾರ್ಯದರ್ಶಿ ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿರುತ್ತಾರೆ. ಅವರು ಬ್ಯಾಂಕ್ ಅಧಿಕಾರಿಯಾದರೆ ಕೆಲವೇ ವರ್ಷದಲ್ಲಿ ಹುಬ್ಬಳ್ಳಿಗೋ ಮೈಸೂರಿಗೋ ವರ್ಗ. ಕೋಲ್ಕತ್ತಾದ ಸಿಮ್ ಬದಲಾಗುತ್ತದೆ. ಇತ್ತ ಹೊಸ ಕಾರ್ಯದರ್ಶಿ ಸಂಘದ ಕಂಪ್ಯೂಟರ್‌ನಲ್ಲಿ ಖಾತೆ ಜೋಡಿಸಲು ಕೂತಾಗ ದೃಢೀಕರಣದ ಸಂದೇಶ ಯಾರೂ ಎತ್ತದ ಸಂಖ್ಯೆಗೆ ಹೋಗುತ್ತದೆ. ಇಲ್ಲಿ ಯಾವ ಪೋರ್ಟ್ ಸಂಖ್ಯೆಯೂ ಕೆಲಸಕ್ಕೆ ಬರುವುದಿಲ್ಲ.

ಅಧಿಕಾರ ಹಸ್ತಾಂತರದ ದಿನ ಕ್ಯಾಶ್ ಪುಸ್ತಕ, ಚೆಕ್ ಪುಸ್ತಕ ಒಪ್ಪಿಸುವಂತೆ ಖಾತೆಯ ಚೇತರಿಕೆ ಮೊಬೈಲ್ ಸಂಖ್ಯೆ ಮತ್ತು ಚೇತರಿಕೆ ಇಮೇಲ್ ಬದಲಿಸುವುದನ್ನೂ ನಡಾವಳಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಎರಡು ಹಂತದ ಪರಿಶೀಲನೆಗೆ ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಸಂಘದ ಬೀರುವಿನಲ್ಲಿಡಬಹುದು. ಪಾಸ್‌ವರ್ಡನ್ನು ಸಮಿತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಇನ್ನೊಂದು ಎಚ್ಚರಿಕೆ: ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಗೂಗಲ್ ಖಾತೆಗಳನ್ನು ಅದರಲ್ಲಿರುವ ಮೇಲ್ ಸಮೇತ ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿ ಮಾಡುತ್ತಿದೆ. ಕೋವಿಡ್ ಕಾಲದಲ್ಲಿ ಚಟುವಟಿಕೆ ನಿಲ್ಲಿಸಿದ ಸಂಘಗಳು ತಮ್ಮ ಖಾತೆ ಇನ್ನೂ ಇದೆಯೇ ಎಂದು ಒಮ್ಮೆ ತೆರೆದು ನೋಡಬೇಕು.

ಜೋಡಣೆ ಕೈಕೊಟ್ಟಾಗ ಹಲವರು 'ಜಿಮೇಲ್ ಕಸ್ಟಮರ್ ಕೇರ್' ಎಂದು ಹುಡುಕಿ ಸಿಕ್ಕ ಫೋನ್ ನಂಬರ್‌ಗೆ ಕರೆ ಮಾಡುತ್ತಾರೆ. ಉಚಿತ ಜಿಮೇಲ್‌ಗೆ ಅಂಥ ಫೋನ್ ಸೇವೆ ಇಲ್ಲ. ಹಾಗೆ ಸಿಗುವ ಸಂಖ್ಯೆಗಳ ಹಿಂದೆ ವಂಚಕರಿರುತ್ತಾರೆ. 'ಸರ್, ಒಂದು ಆ್ಯಪ್ ಹಾಕಿಕೊಳ್ಳಿ, ನಾನೇ ಸರಿಮಾಡಿ ಕೊಡುತ್ತೇನೆ' ಎಂದು ಎನಿಡೆಸ್ಕ್‌ನಂಥ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುತ್ತಾರೆ. ಮೇಲ್ ಕೈಗೆ ಸಿಕ್ಕಿದರೆ ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಬದಲಿಸುವ ಕೀಲಿಯೂ ಸಿಕ್ಕಂತೆ. ಈ ಬಗೆಯ ಆ್ಯಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕ್‌ಗಳನ್ನು ಎಚ್ಚರಿಸಿತ್ತು. ಹಾಗೇನಾದರೂ ಆಗಿ ಹಣ ಹೋಗಿದ್ದರೆ ಕೂಡಲೇ ಬ್ಯಾಂಕ್‌ಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೇಶದ ಯಾವ ಊರಿನಿಂದ ಬೇಕಾದರೂ ಈ ಸಂಖ್ಯೆಗೆ ಕರೆ ಹೋಗುತ್ತದೆ. ನಂತರ ವೈರಸ್ ಇಲ್ಲದ ಬೇರೊಂದು ಸಾಧನದಿಂದ ಮೇಲ್ ಪಾಸ್‌ವರ್ಡ್ ಬದಲಿಸಿ, ಖಾತೆಗೆ ಹೊಸದಾಗಿ ಯಾವ ಫಾರ್ವರ್ಡ್ ವಿಳಾಸ, ಯಾವ ಫಿಲ್ಟರ್ ಸೇರಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ನೋಡಿ ತೆಗೆದುಹಾಕಿ. ಪಾಸ್‌ವರ್ಡ್ ಬದಲಾದ ಮೇಲೂ ಪತ್ರಗಳ ಪ್ರತಿ ಕಳ್ಳರಿಗೆ ಹೋಗುತ್ತಲೇ ಇರುವುದು ಆ ಫಾರ್ವರ್ಡ್ ವಿಳಾಸದಿಂದ.